ಭಾವನವರ ಟೈರು, ಅತ್ತೆಯವರ ವ್ರತ

ಆ ದಿನ ಮುಂಜಾನೆ ನಾನು ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕುಡಿಯುವ ನೀರು ಸೋಸುತ್ತಿದ್ದೆ. ನಮ್ಮ ಜೈನರ ಮನೆಗಳಲ್ಲಿ ನೀರು ಸೋಸುವುದೆಂದರೆ ಅಂಗಡಿಯ ಜಾಲರಿ ಹಿಡಿದು ಸುರಿಯುವುದಲ್ಲ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಮೆಲ್ಲಗೆ ಇಳಿಸಬೇಕು. ಆಮೇಲೆ ಬಟ್ಟೆಯನ್ನು ತಿರುವಿ ಅದರ ಮೇಲೆ ಸೋಸಿದ ನೀರನ್ನೇ ಬಿಟ್ಟು, ಕಣ್ಣಿಗೆ ಕಾಣದ ಜೀವ ಏನಾದರೂ ಉಳಿದಿದ್ದರೆ ಅದನ್ನು ಬಂದ ಬಾವಿಗೇ ಮರಳಿ ಬಿಡಬೇಕು. ಈ ಕೆಲಸ ಮಾಡಿದ ಗಂಡಸನ್ನು ನಾನು ನಮ್ಮ ಮನೆಯಲ್ಲಿ ನೋಡಿಲ್ಲ. ಆ ನೀರನ್ನು ಕುಡಿದು ಧರ್ಮದ ಬಗ್ಗೆ ಮಾತಾಡುವವರನ್ನು ನೋಡಿದ್ದೇನೆ.

ನನ್ನ ಯಜಮಾನರು ಹಿತ್ತಲ ಬಾಗಿಲಿಗೆ ಬಂದು ನಿಂತರು. ಪಡಸಾಲೆಯಲ್ಲಿ ಅವರ ಅಣ್ಣ ಕೂಗಾಡುತ್ತಿದ್ದರೆ ಇವರಿಗೆ ಹಿತ್ತಲು ನೆನಪಾಗುತ್ತದೆ.

"ಅಣ್ಣ ಡ್ರೈವರನ ಕಳವು ಹಿಡದಾನ," ಅಂದರು.

"ಏನ ಕಳವು?"

"ಡಿಸೇಲ. ಲಾರಿ ಟಾಕಿಯಿಂದ ತಗದು ಮಾರಾಕತ್ತಾನಂತ. ನಾಳೆ ಅಮಾಸಿ ಐತಿ. ಚಿಂಚಲಿಗೆ ಕರಕೊಂಡ ಹೋಗಿ ಮಾಯಕ್ಕನ ಮುಂದ ಭಂಡಾರ ಮುಟ್ಟಿಸಿ ಆಣಿ ಮಾಡಸ್ತೀನಿ ಅನ್ನಾಕತ್ತಾನ."

"ನೀವೇನಂದ್ರಿ?"

"ನಾ ಏನ ಅನ್ನಲಿ? ಅಣ್ಣ ಅದಾನ."

ಅಣ್ಣ ಇದ್ದದ್ದು ನನಗೂ ಗೊತ್ತಿತ್ತು. ಮನೆ ತುಂಬ ಅವರೇ ಇದ್ದರು, ಬೇರೆಯವರಿಗೆ ಜಾಗವೇ ಇರಲಿಲ್ಲ.

ನಮ್ಮ ಡ್ರೈವರ ಕುರಿ ಕಾಯುವ ಮನೆತನದವನು. ಮಾಯಕ್ಕ ಅವನ ಮನೆದೇವರು. ಅಲ್ಲಿಯ ಭಂಡಾರ, ಅಂದರೆ ಅರಿಶಿನಪುಡಿ, ಅವನ ಹಣೆಯ ಮೇಲೆ ದಿನಾ ಇರುತ್ತಿತ್ತು. ಭಕ್ತಿಯಿಂದ ಹಚ್ಚಿಕೊಳ್ಳುವ ಭಂಡಾರವೇ ಬೇರೆ, ನಾಲ್ಕು ಮಂದಿ ಸುತ್ತ ನಿಂತು ಮುಟ್ಟಿಸುವ ಭಂಡಾರವೇ ಬೇರೆ. ಒಬ್ಬನಿಗೆ ಹಾಗೆ ಮುಟ್ಟಿಸಿದರೆಂದರೆ ಅವನು ಏನೆಂದು ಆಣೆ ಮಾಡಿದ ಎಂದು ಊರು ಕೇಳುವುದಿಲ್ಲ. ಯಾಕೆ ಮುಟ್ಟಿಸಿದರು ಎಂದು ಕೇಳುತ್ತದೆ. ಆಮೇಲೆ ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಮಾಲಕನೂ ಅವನ ಕೈಗೆ ಗಾಡಿಯ ಚಾವಿ ಕೊಡುವುದಿಲ್ಲ. ತಾವು ಬಸದಿಗೆ ವರ್ಷಕ್ಕೊಮ್ಮೆ ಹೋಗುವ ನಮ್ಮ ಭಾವ, ಇನ್ನೊಬ್ಬನ ದೇವರನ್ನು ಪೊಲೀಸ ಫೌಜದಾರನ ಕೆಲಸಕ್ಕೆ ಕರೆಯಲು ಹೊರಟಿದ್ದರು.

ಇದಕ್ಕೆಲ್ಲ ಮೂಲ ಟೈರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಊರು ಅಥಣಿಯ ಹತ್ತಿರ. ಮನೆಗೆ ಒಂದು ಲಾರಿ ಇತ್ತು. ನಿಪ್ಪಾಣಿಗೆ ತಂಬಾಕು, ಕಾಗವಾಡಕ್ಕೆ ಗೊಬ್ಬರದ ಚೀಲ, ಸುಗ್ಗಿಯಲ್ಲಿ ಕಬ್ಬು, ಏನು ಸಿಕ್ಕರೂ ಹೊರುತ್ತಿತ್ತು. ಸುತ್ತಿನ ಲಾರಿಗಳ ಮೀಟರುಗಳೆಲ್ಲ ಸತ್ತು ಮುಳ್ಳು ಕೆಳಗೆ ಬಿದ್ದಿದ್ದ ಕಾಲ ಅದು. ಡ್ರೈವರರು ಗಾಳಿಯ ಸದ್ದು ಕೇಳಿ ಗಾಡಿ ಹೊಡೆಯುತ್ತಿದ್ದರು. ಭಾವನವರು ಮಾತ್ರ ಮೀರಜಕ್ಕೆ ಹೋಗಿ ನಮ್ಮ ಲಾರಿಯ ಮೀಟರ ರಿಪೇರಿ ಮಾಡಿಸಿಕೊಂಡು ಬಂದಿದ್ದರು. ದಿನಾ ಮುಂಜಾನೆ ಹೆಗಲ ಮೇಲಿನ ಟವೆಲಿನಿಂದ ಅದರ ಗಾಜು ಒರೆಸುವರು. ಮನೆಯ ದೇವರ ಗೂಡಿನ ಮುಂದೆ ಅವರು ಅಷ್ಟು ಹೊತ್ತು ನಿಂತದ್ದು ನನಗೆ ನೆನಪಿಲ್ಲ.

ಆ ವರ್ಷ ಮಳೆಗಾಲದ ಮೊದಲಿಗೆ ಸಾಂಗಲಿಯ ಕಡೆಯಿಂದ ಹೊಸ ನಮೂನೆಯ ಟೈರು ತಂದರು. ಹೊಸ ನಮೂನೆ ಹೊರತು ಹೊಸವಲ್ಲ. ಎಲ್ಲೋ ಓಡಿ ಬಂದ ಟೈರುಗಳು. ಹಳೆಯವಕ್ಕಿಂತ ಎತ್ತರ, ಆದರೆ ಮೈ ಸಣ್ಣ. ಹಾಕಿಸಿದ ಮೇಲೆ ಲಾರಿ ನೋಡಿದರೆ, ಹಳ್ಳ ದಾಟಲು ಧೋತರ ಮೇಲೆತ್ತಿ ಕಟ್ಟಿಕೊಂಡ ಮುದುಕನ ಹಾಗೆ ಕಾಣುತ್ತಿತ್ತು. ಭಾವನವರು ಕಟ್ಟೆಯ ಮೇಲೆ ಕೂತು ಮಂದಿಗೆ ಪಾಠ ಹೇಳಿದರು.

"ಸಣ್ಣ ಟೈರು ರಸ್ತಾಕ್ಕ ಕಡಿಮಿ ಹತ್ತತೈತಿ. ಜಗ್ಗೂದು ಹಗರ. ಎತ್ತರ ಇದ್ದದ್ದಕ್ಕ ಒಂದ ಸುತ್ತಿನ್ಯಾಗ ಹೆಚ್ಚಿಗಿ ಮುಂದ ಹೊಕ್ಕೈತಿ. ಡಿಸೇಲ ಉಳೀತೈತೋ ಇಲ್ಲೋ? ನೀವ ಹೇಳ್ರಿ!"

ಕೂತವರಿಗೆ ಚಹಾ ಬರುವುದಿತ್ತು, ಹೌದ್ರಿ ಹೌದ್ರಿ ಅಂದರು. ಚಹಾ ಮಾಡಿದವಳು ನಾನು. ಒಂದು ಸುತ್ತಿನಲ್ಲಿ ಹೆಚ್ಚು ಮುಂದೆ ಹೋಗುತ್ತದೆ ಎಂಬ ಮಾತನ್ನು ಅವರ ಬಾಯಿಂದಲೇ, ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ. ದೇವರು ನನಗೆ ಮಾಡಿದ ಉಪಕಾರಗಳನ್ನು ಎಣಿಸುವಾಗ ಈ ಕಿವಿಗಳನ್ನೂ ನಾನು ಸೇರಿಸಿಕೊಳ್ಳುತ್ತೇನೆ.

ಹೆಚ್ಚಿನ ಒಂದು ಟೈರನ್ನು, ಅಂದರೆ ಸ್ಟೆಪ್ನಿಯನ್ನು, ಲಾರಿಯಲ್ಲಿಟ್ಟರೆ ಯಾರಾದರೂ ಒಯ್ದಾರು ಎಂದು ಪಡಸಾಲೆಯೊಳಗೆ ತಂದು ಗೋಡೆಗೆ ಒರಗಿಸಿದರು. ಬೀಗರು ಬಂದಾಗ ಅದರ ಪಕ್ಕದಲ್ಲೇ ಹಾಸಿಗೆ. ಹಳೆಯ ಟೈರುಗಳಲ್ಲಿ ಒಂದು ಬಾವಿಯ ಹತ್ತಿರ ಬಿತ್ತು. ಅದರ ಮೇಲೆ ನಾನು ಒಗೆಯುವ ಬಟ್ಟೆಯ ಬುಟ್ಟಿ ಇಡುತ್ತಿದ್ದೆ.

ಟೈರು ಬಂದ ಸ್ವಲ್ಪ ದಿನಕ್ಕೆ ಚಾತುರ್ಮಾಸ ಶುರುವಾಯಿತು. ಮಳೆಗಾಲದಲ್ಲಿ ನೆಲದ ಮೇಲೆ ಜೀವಜಂತು ಹೆಚ್ಚೆಂದು ಮುನಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಸಂಸಾರಿಗಳೂ ಕೈಲಾದ ವ್ರತ ಹಿಡಿಯುತ್ತಾರೆ. ನನ್ನ ಅತ್ತೆ ಪ್ರತಿವರ್ಷ ದೂರದ ವ್ರತ ಹಿಡಿಯುವರು. ದೀಪಾವಳಿಯವರೆಗೆ ಮನೆಯಿಂದ ಯಾವ ದಿಕ್ಕಿಗೂ ಇಪ್ಪತ್ತು ಕಿಲೋಮೀಟರು ಮೀರಿ ಕಾಲಿಡುವುದಿಲ್ಲ ಎಂದು ಬಸದಿಯಲ್ಲಿ ನಿಂತು ಹೇಳಿ ಬಂದಿದ್ದರು. ಒಮ್ಮೆ ಹೇಳಿದರೆ ಮುಗಿಯಿತು. ಒಂದು ವರ್ಷ ತವರುಮನೆಯ ಮದುವೆಯನ್ನೇ ಈ ವ್ರತಕ್ಕಾಗಿ ಬಿಟ್ಟಿದ್ದರು.

ಆ ಸಲ ಹಾರೂಗೇರಿ ರಸ್ತೆಯ ಒಂದು ಊರಿನಲ್ಲಿ ಮುನಿಗಳು ನಿಂತಿದ್ದರು. ಅತ್ತೆಗೆ ದರ್ಶನದ ಆಸೆ. ದೂರ ಎಷ್ಟಿದ್ದೀತೋ ಎಂಬ ಹೆದರಿಕೆ.

"ಅವ್ವಾ, ನಂದು ಜೀವಂತ ಮೀಟರ," ಅಂದರು ಭಾವ. "ಇಪ್ಪತ್ತು ಆಗೂದರೊಳಗ ಊರು ಬಂದರ ಇಳಿ. ಬರಲಿಲ್ಲಂದ್ರ ಗಾಡಿ ತಿರಗಸ್ತೀನಿ. ಮುಗೀತಲ್ಲ?"

ಅತ್ತೆಯನ್ನು ಹಿಡಿದುಕೊಳ್ಳಲು ನಾನೂ ಕ್ಯಾಬಿನ್ನಿನಲ್ಲಿ ಕೂತೆ. ಡ್ರೈವರ ಹೊಡೆಯುತ್ತಿದ್ದ, ಭಾವ ಮೀಟರ ಕಾಯುತ್ತಿದ್ದರು. ಸ್ವಲ್ಪ ದೂರಕ್ಕೆ ಅತ್ತೆ, "ಏ ತಮ್ಮಾ, ಸಾವಕಾಶ ಹೊಡಿಯೋ. ಭಾಳ ಜೋರ ಹೊಂಟೀದಿ," ಅಂದರು.

"ಇಲ್ರಿ ಆಯಿ, ಮುಳ್ಳು ನಲವತ್ತರ ಮ್ಯಾಲ ಹೋಗಿಲ್ರಿ. ಅಣ್ಣಾರ ಕಟ್ಟಪ್ಪಣಿ ಐತ್ರಿ," ಅಂದ ಡ್ರೈವರ.

ಭಾವ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. "ನೋಡವ್ವಾ, ನಲವತ್ತೂ ಇಲ್ಲ."

"ಮುಳ್ಳಿಗೇನು ಗೊತ್ತೋ? ನನ್ನ ಸೊಂಟಕ್ಕ ಗೊತ್ತೈತಿ," ಅಂದರು ಅತ್ತೆ.

ನನಗೆ ಪ್ರಯಾಣದಲ್ಲಿ ಒಂದು ರೂಢಿಯಿದೆ. ರಸ್ತೆ ಬದಿಯ ಕಿಲೋಮೀಟರಿನ ಕಲ್ಲು ಬಂದಾಗಲೆಲ್ಲ ಒಮ್ಮೆ ಣಮೋಕಾರ ಮಂತ್ರ ಹೇಳಿ ಬೆರಳ ಗೆಣ್ಣು ಮುಂದೆ ಸರಿಸುತ್ತೇನೆ. ವಾಂತಿ ಬರುವುದಿಲ್ಲ, ಪುಣ್ಯವೂ ಆಗುತ್ತದೆ. ಆ ಊರು ಮುಟ್ಟಿದಾಗ ನನ್ನ ಬೆರಳಿನಲ್ಲಿ ಇಪ್ಪತ್ತೊಂದು ಕಲ್ಲಾಗಿದ್ದವು. ಮೀಟರಿನಲ್ಲಿ ಇಪ್ಪತ್ತು ಇನ್ನೂ ತುಂಬಿರಲಿಲ್ಲ. ಇಳಿಯುವ ಮೊದಲೇ ಅತ್ತೆಯ ಕಿವಿಯಲ್ಲಿ ಹೇಳಿದೆ. ಭಾವನ ಜೊತೆ ಎದುರೆದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಸೊಸೆ ಹೇಳುವುದೇನಿದ್ದರೂ ಅತ್ತೆಗೆ ಹೇಳಬೇಕು, ಅಥವಾ ಗೋಡೆಗೆ. ಅತ್ತೆ ಮಗನಿಗೆ ದಾಟಿಸಿದರು.

ಭಾವ ನಕ್ಕ ನಗು ಈಗಲೂ ಕಿವಿಯಲ್ಲಿದೆ. "ಕಲ್ಲು ನೆಡಾಂವ ಗುತ್ತಿಗೆದಾರ, ಅವ್ವಾ. ಗಾಡಿ ನಿಂತಲ್ಲಿ ಒಂದು ಒಗದಿರತಾನ. ಹೆಣಮಕ್ಕಳು ಬೆರಳ ಮ್ಯಾಲ ಎಣಿಸಿದ್ದು ಖರೇನೋ, ಮಶೀನ ಎಣಿಸಿದ್ದು ಖರೇನೋ?"

ಅತ್ತೆ ಮಗನನ್ನು ನಂಬಿದರು. ತಾಯಿಯಲ್ಲವೇ. ಇಳಿದು, ದರ್ಶನ ಮಾಡಿ, ಕಣ್ಣು ತುಂಬಿಕೊಂಡು ಬಂದರು. ಬರುವಾಗ ದಾರಿಯುದ್ದಕ್ಕೂ, "ಇನ್ನ ಸತ್ತರೂ ಚಿಂತಿಲ್ಲವಾ," ಅನ್ನುತ್ತಿದ್ದರು.

ಅದೇ ಮೀಟರು ಈಗ ಡ್ರೈವರನ ಮೇಲೆ ಸಾಕ್ಷಿ ಹೇಳುತ್ತಿತ್ತು. ಭಾವನವರ ವಾದ ಹೀಗಿತ್ತು. ಟೈರು ಹಾಕಿಸಿದ ಮೇಲೆ ಡಿಸೇಲ ಉಳಿಯಬೇಕು. ಟಾಕಿ ತುಂಬಿಸಿ ಮೀಟರ ನೋಡಿದರೆ, ಅಷ್ಟೇ ಡಿಸೇಲಿಗೆ ಗಾಡಿ ಮೊದಲಿಗಿಂತ ಕಡಿಮೆ ಓಡಿದೆ. ಅಂದಮೇಲೆ ನಡುವೆ ಯಾರೋ ಕುಡಿದಿದ್ದಾರೆ. ಇನ್ನೊಂದು, ನಲವತ್ತರ ಮೇಲೆ ಹೊಡೆಯುವುದಿಲ್ಲ ಎನ್ನುವವನು ಕಾಗವಾಡಕ್ಕೆ ಅಷ್ಟು ಬೇಗ ಹೇಗೆ ಮುಟ್ಟಿದ? ಸುಳ್ಳನೂ ಹೌದು, ಕಳ್ಳನೂ ಹೌದು. ಟೈರಿನ ಮೇಲೆ ಅವರಿಗೆ ಸಂಶಯ ಬರಲಿಲ್ಲ. ಅದನ್ನು ತಂದವರು ತಾವಲ್ಲವೇ.

ನಾನು ಕೊಡ ತುಂಬಿಸಿ ಬಟ್ಟೆ ಬಿಚ್ಚಿದೆ. ಬಾವಿಗೆ ನೀರು ಮರಳಿಸುವಾಗ ಪಕ್ಕದಲ್ಲಿ ಬಿದ್ದಿದ್ದ ಹಳೆಯ ಟೈರು ಕಣ್ಣಿಗೆ ಬಿತ್ತು. ಒಂದು ಸುತ್ತಿನಲ್ಲಿ ಹೆಚ್ಚು ಮುಂದೆ ಹೋಗುತ್ತದೆ ಎಂದು ಅವರೇ ಅಂದಿದ್ದು ನೆನಪಾಯಿತು. ಹಾಗಾದರೆ ಅದೇ ಊರಿಗೆ ಹೋಗಲು ಸುತ್ತು ಕಡಿಮೆ ಬೀಳಬೇಕಲ್ಲ? ಮೀಟರು ಎಣಿಸುವುದು ಏನನ್ನು, ರಸ್ತೆಯನ್ನೋ ಸುತ್ತನ್ನೋ?

ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಹಳೆಯ ಟೈರಿನ ಸುತ್ತ ಬಿಗಿದು, ಸುತ್ತು ಕೂಡಿದಲ್ಲಿ ಗುರುತಿಗೆ ಗಂಟು ಹಾಕಿದೆ. ಮಧ್ಯಾಹ್ನ ಭಾವ ಉಂಡು ಪಡಸಾಲೆಯಲ್ಲಿ ಸ್ಟೆಪ್ನಿಯ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು. ಅವರ ನಿದ್ದೆಯೂ ನನ್ನ ಪಾಲಿಗೆ ಬಸದಿಯ ಪದ್ಮಾವತಿ ತಾಯಿ ಮಾಡಿದ ಸಣ್ಣ ಉಪಕಾರ. ಸದ್ದಿಲ್ಲದೆ ಹೋಗಿ ಸ್ಟೆಪ್ನಿಗೆ ಹಗ್ಗ ಸುತ್ತಿದೆ. ಗಂಟಿನವರೆಗಿನ ಹಗ್ಗ ಒಂದು ಗೇಣು ಸಾಲಲಿಲ್ಲ.

"ಅತ್ತಿ, ಸ್ವಲ್ಪ ಹಿತ್ತಲಕ ಬರ್ರಿ," ಅಂದೆ.

ಅತ್ತೆ ಜಪಮಾಲೆ ಹಿಡಿದೇ ಬಂದರು. ಹಗ್ಗ ತೋರಿಸಿ ಹೇಳಿದೆ. "ಮೀಟರಕ್ಕ ಕಣ್ಣಿಲ್ರಿ. ಗಾಲಿ ಎಷ್ಟ ಸುತ್ತು ಹಾಕ್ತು ಅಷ್ಟ ಅದಕ್ಕ ಗೊತ್ತು. ಹಳೀ ಗಾಲಿ ಇದ್ದಾಗಿನ ಲೆಕ್ಕಾನ ಈಗೂ ಹೇಳಾಕತ್ತೈತಿ. ಸುತ್ತಿಗೆ ಒಂದೊಂದು ಗೇಣು ನುಂಗತೈತಿ. ಗಾಡಿ ಓಡಿದ್ದಕ್ಕಿಂತ ಕಡಿಮಿ ತೋರಸ್ತೈತಿ, ಅದಕ್ಕ ಡಿಸೇಲ ಹೆಚ್ಚಿಗಿ ಹೋದಂಗ ಕಾಣತೈತಿ. ಮುಳ್ಳೂ ಹಂಗ. ನಲವತ್ತು ಅಂತ ತೋರಿಸಿದಾಗ ಗಾಡಿ ಅದಕ್ಕಿಂತ ಜೋರ ಓಡಿರತೈತಿ. ಡ್ರೈವರ ಒಂದ ಹನಿ ಕದ್ದಿಲ್ರಿ."

ಅತ್ತೆ ಹಗ್ಗದ ಗಂಟನ್ನು ಮುಟ್ಟಿ ನೋಡಿದರು. "ಹಂಗಾರ ನನ್ನ ಸೊಂಟ ಹೇಳಿದ್ದು ಖರೇ," ಅಂದು ನಕ್ಕರು. ನಕ್ಕ ಬಾಯಿ ಹಾಗೇ ನಿಂತಿತು.

"ನಿನ್ನ ಕಲ್ಲು ಎಷ್ಟ ಇದ್ದೂ ಅಂದಿ ಅವತ್ತ?"

ನನ್ನ ಇಪ್ಪತ್ತೊಂದು ಕಲ್ಲು ನಿಜವಾದರೆ ಡ್ರೈವರ ಉಳಿಯುತ್ತಾನೆ, ಅತ್ತೆಯ ವ್ರತ ಮುರಿಯುತ್ತದೆ. ಮೀಟರು ನಿಜವಾದರೆ ವ್ರತ ಉಳಿಯುತ್ತದೆ, ಡ್ರೈವರ ನಾಳೆ ಚಿಂಚಲಿಗೆ ಹೋಗುತ್ತಾನೆ. ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತರು. ಮಾಲೆ ಕೈಯಲ್ಲಿತ್ತು, ಮಣಿ ಸರಿಯಲಿಲ್ಲ.

ನಾನು ಒಳಗೆ ಹೋಗಿ ಯಜಮಾನರಿಗೆ ಹಗ್ಗದ ಸಂಗತಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಅಲ್ಲಿ ಇಲ್ಲಿ ನೋಡಿ ಅಂದರು: "ಖರೇ ಇರಬೇಕು. ಆದರ ಸುಮ್ಮನ ಇರು. ಅವ್ವನ ವ್ರತದ ಮಾತೈತಿ. ಡ್ರೈವರಂದು ಏನು, ಒಂದ ಸಲ ಭಂಡಾರ ಮುಟ್ಟತಾನ, ಬರತಾನ."

"ನೀವ ಮುಟ್ಟಿ ಬರ್ರಿ ಹಂಗಾರ," ಅಂದೆ. ಅವರು ಚಪ್ಪಲಿ ಹುಡುಕಿಕೊಂಡು ಹೊರಗೆ ನಡೆದರು. ಕಷ್ಟ ಬಂದಾಗ ಆ ಮನುಷ್ಯನಿಗೆ ಚಪ್ಪಲಿ ಮಾತ್ರ ಬೇಗ ಸಿಗುತ್ತವೆ.

ಹೊತ್ತು ಇಳಿಯುವಾಗ ಡ್ರೈವರ ಬಂದ. ಅಂಗಳದಲ್ಲಿ ರುಮಾಲು ಕೈಯಲ್ಲಿ ಹಿಡಿದು ನಿಂತ. ಭಾವ ಮೆಟ್ಟಿಲ ಮೇಲೆ ನಿಂತಿದ್ದರು. ಮೇಲೆ ನಿಂತು ಮಾತಾಡುವುದೆಂದರೆ ಅವರಿಗೆ ಸರಾಗ.

"ಲೇ, ಕದ್ದೀನಿ ಅಂತ ಈಗ ಒಪ್ಪಿಕೊಂಡ್ರ ಇಲ್ಲೇ ಮುಗಸ್ತೀನಿ. ಇಲ್ಲಾಂದ್ರ ನಾಳೆ ನಿಮ್ಮ ಮಾಯಕ್ಕನ ಮುಂದ ಹೇಳು."

"ಅಣ್ಣಾರ, ಟಾಕಿ ಸೋರತೈತೇನೋ ಅಂತ ನಾನ ಎಷ್ಟ ಸಲ ಗಾಡಿ ಕೆಳಗ ಮಲಗಿ ನೋಡೀನ್ರಿ. ಎಲ್ಲಿ ಹೊಕ್ಕೈತಿ ನನಗೂ ತಿಳೀವಲ್ದು. ಕದ್ದಿಲ್ಲರಿ," ಅಂದ ಅವನು. "ಭಂಡಾರ ಮುಟ್ಟಾಕ ಹೆದರಿಕಿಲ್ಲರಿ. ಆದರ ಆಮ್ಯಾಲ ನಮ್ಮವ್ವ ಓಣ್ಯಾಗ ಹೆಂಗ ತಿರಗಬೇಕ್ರಿ?"

ಬಾಗಿಲ ಮರೆಯಲ್ಲಿ ನಾನು ಹಗ್ಗ ಹಿಡಿದು ನಿಂತಿದ್ದೆ. ಅತ್ತೆ ಹೇಳದಿದ್ದರೆ ಪದ್ಧತಿ ಬಿಟ್ಟು ನಾನೇ ಹೊರಗೆ ಬರುವುದೆಂದು ಸೆರಗು ಸರಿ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಹೊಸ್ತಿಲು ದಾಟಿದರು.

"ಏ ತಮ್ಮಾ, ಅಂವನ್ನ ಬಿಡು. ಕದ್ದದ್ದು ನಿನ್ನ ಟೈರು."

ಹಗ್ಗವನ್ನು ಮಗನ ಕಾಲ ಬುಡದಲ್ಲಿ ಹಾಕಿ, ನಾನು ಹೇಳಿದ್ದನ್ನೆಲ್ಲ ಹೇಳಿದರು. ಭಾವನವರ ಮುಖ ಮೊದಲು ಕೆಂಪಾಯಿತು. ಆಮೇಲೆ ಅವರಿಗೆ ಒಂದು ದಾರಿ ಹೊಳೆಯಿತು. ಆ ದಾರಿ ಎಷ್ಟು ಹೊಲಸಾಗಿತ್ತೆಂದರೆ, ನೆನೆಸಿಕೊಂಡರೆ ಈಗಲೂ ಬಾಯಿ ಮುಕ್ಕಳಿಸಬೇಕು ಅನಿಸುತ್ತದೆ.

"ಅವ್ವಾ," ಅಂದರು ದನಿ ಮೆತ್ತಗೆ ಮಾಡಿ, "ಹಂಗ ಅನಬ್ಯಾಡ. ಮೀಟರ ಸುಳ್ಳಂದ್ರ ನಿನ್ನ ವ್ರತ ಮುರದಂಗ ಆಗತೈತಿ. ಮಂದಿ ಏನಂದಾರು? ನಿನ್ನ ಸಲುವಾಗಿನ ನಾ ಮೀಟರ ಖರೇ ಅನ್ನಾಕತ್ತೀನಿ."

"ನನ್ನ ಸಲುವಾಗಿ?" ಅತ್ತೆ ಅಂದರು. "ನಾ ವ್ರತ ಹಿಡದದ್ದು ಭಗವಂತನ ಮುಂದ, ನಿನ್ನ ಮೀಟರಿನ ಮುಂದ ಅಲ್ಲ. ಮುರದೈತಿ. ಅವತ್ತ ಮುರದೈತಿ. ಗಾಜಿನ ಮ್ಯಾಲಿನ ಅಂಕಿ ನೋಡಿ ಮುರೀಲಿಲ್ಲ ಅಂದರ ಕೂಡತೈತೇನು?"

ಡ್ರೈವರ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದ. "ಆಯಿ, ನನ್ನ ಸಲುವಾಗಿ ಹಂಗ್ಯಾಕ ಅಂತೀರಿ? ನಿಮ್ಮ ವ್ರತ ಇರಲಿ ಬಿಡ್ರಿ. ನಾ ನಾಳೆ ಹೋಗಿ ಮುಟ್ಟಿ ಬರ್ತೀನ್ರಿ."

"ನೀ ಮುಟ್ಟಿದ್ರೂ ಅದು ಕೂಡೂದಿಲ್ಲಪಾ. ನಿನಗ ಕಳ್ಳ ಅನ್ನಿಸಿ ನಾ ವ್ರತವಂತಿ ಆಗಿ ಕೂತ್ರ, ಆ ವ್ರತ ಯಾರಿಗೆ ಮುಟ್ಟತೈತಿ? ಮನಿಗೆ ಹೋಗು. ನಾಳೆ ನಿಪ್ಪಾಣಿಗೆ ಮಾಲ ಹೋಗೂದೈತೆಲ್ಲ, ಅದನ ಒಯ್ಯಿ."

ಅವನು ಅಂಗಳದ ಮಣ್ಣಿಗೇ ಅಡ್ಡಬಿದ್ದ. ಅತ್ತೆ, "ಏಳೋ, ಅರಿವಿ ಹೊಲಸ ಆಗತೈತಿ," ಅಂದರು.

ಭಾವ ಹಗ್ಗವನ್ನು ಕಾಲಿನಿಂದ ಸರಿಸಿದರು. ಆಮೇಲೆ, "ನನಗೂ ಅದ ಸಂಶೇ ಇತ್ತು. ಅಂವನ್ನ ಪರೀಕ್ಷಾ ಮಾಡಬೇಕಂತ ಸುಮ್ಮನಿದ್ದೆ," ಅಂದರು. ಅಂಗಳದಲ್ಲಿ ಯಾರೂ ನಗಲಿಲ್ಲ. ನಗುವಷ್ಟು ಬೆಲೆಯೂ ಆ ಮಾತಿಗಿರಲಿಲ್ಲ.

ಟೈರುಗಳನ್ನು ಅವರು ತೆಗೆಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮರುವಾರದಿಂದ ರಸ್ತೆಯ ಕಲ್ಲು ಎಣಿಸಿ, ನೋಡ್ರಿ ಎಷ್ಟು ಉಳಿತಾಯ ಎಂದು ಅದೇ ಕಟ್ಟೆಯ ಮೇಲೆ ಪಾಠ ಶುರು ಮಾಡಿದರು. ಗುತ್ತಿಗೆದಾರನ ಕಲ್ಲುಗಳು ಅಷ್ಟರಲ್ಲಿ ಪ್ರಾಮಾಣಿಕವಾಗಿದ್ದವು. ಸಪಾಟು ರಸ್ತೆಯಲ್ಲಿ ಏನೋ ಸ್ವಲ್ಪ ಉಳಿಯುತ್ತಿತ್ತಂತೆ. ಚಿಕ್ಕೋಡಿಯ ಕಡೆಯ ಏರಿನಲ್ಲಿ ತುಂಬಿದ ಗಾಡಿ ಆ ಎತ್ತರದ ಗಾಲಿಗಳನ್ನು ತಿರುಗಿಸಲಾರದೆ ಸಣ್ಣ ಗೇರಿನಲ್ಲಿ ನರಳುತ್ತ ಉಳಿದದ್ದನ್ನೆಲ್ಲ ಕುಡಿದುಬಿಡುತ್ತಿತ್ತು. ಅದನ್ನು ಭಾವ ಪಾಠದಲ್ಲಿ ಹೇಳುತ್ತಿರಲಿಲ್ಲ. ಡ್ರೈವರ ಮಾತ್ರ ಮುಳ್ಳು ನಲವತ್ತಕ್ಕೆ ಬರುವ ಮೊದಲೇ ಕಾಲು ತೆಗೆಯುವುದನ್ನು ಕಲಿತ, ಯಾರ ತಲೆಯ ಮೇಲೂ ಗಾಡಿ ಹೋಗಲಿಲ್ಲ. ಅದೊಂದು ಪುಣ್ಯ.

ಆ ಸಂಜೆ ಅತ್ತೆ ಒಳಗೆ ಬಂದು ಗೋಡೆಗೆ ಒರಗಿದರು. ಮುರಿದ ವ್ರತಕ್ಕೆ ಮುನಿಗಳ ಮುಂದೆ ಪ್ರಾಯಶ್ಚಿತ್ತ ಕೇಳಬೇಕು. ಮುನಿಗಳು ಇರುವುದು ಇಪ್ಪತ್ತೊಂದನೆಯ ಕಲ್ಲಿನ ಹತ್ತಿರ.

"ಅಲ್ಲಿಗೆ ಹೋದ್ರ ಮತ್ತ ಮುರೀತೈತಿ," ಅಂದರು. ಹೇಳುತ್ತ ಅವರಿಗೇ ನಗು ಬಂತು, ನನಗೂ ಬಂತು. "ದೀಪಾವಳಿತನಕಾ ಕಾಯೂಣು. ಅಲ್ಲಿಮಟಾ ತುಪ್ಪಾ ಬಿಟ್ಟೆ. ಇವತ್ತ ನನಗೇನೂ ಬ್ಯಾಡ, ಕಾಸಿದ ನೀರು ಒಂದು ಕೊಡು."

ಮುಂಜಾನೆ ಸೋಸಿದ ನೀರು ಇತ್ತು. ಕಾಸಿ, ಆರಿಸಿ ಕೊಟ್ಟೆ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ನಿಧಾನವಾಗಿ ಕುಡಿದರು.

ಪಡಸಾಲೆಯಿಂದ ಭಾವನವರ ದನಿ ಬಂತು. "ಹೊತ್ತು ಮುಣಗಾಕ ಬಂತು. ಉಣ್ಣಾಕ ಆಗೇತೋ ಇಲ್ಲೋ?" ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಆ ಒಂದು ನಿಯಮ ಅವರು ತಪ್ಪಿದವರಲ್ಲ. ನಾನು ಹಗ್ಗವನ್ನು ಹಿತ್ತಲಿನಲ್ಲಿ ಮತ್ತೆ ಕಟ್ಟಿ ಬಂದು, ಒಲೆಗೆ ಕಟ್ಟಿಗೆ ಸರಿಸಿ, ಹಿಟ್ಟು ನಾದುವ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹಾಕಿಕೊಂಡು ರೊಟ್ಟಿ ಬಡಿಯಲು ಕೂತೆ.